ಆರ್ಡರ್ ಬೇರೆ, ಬೇಡಿಕೆ ಬೇರೆ

ಮಾಹಿತಿ ತಂತ್ರಜ್ಞಾನದಿಂದ ಸರಕು ಪೂರೈಕೆ ಹೇಗೆ ಬದಲಾಯಿತು ಅಂತ ಕೇಳಿ ನೋಡಿ. ಗೋದಾಮಿನ ರೋಬೋಟ್, ಜಿಪಿಎಸ್, ಕೃತಕ ಬುದ್ಧಿಮತ್ತೆ ಎಂಬ ಉತ್ತರ ಬರುತ್ತದೆ. ಕಂಪ್ಯೂಟರ್ ಬೇಡಿಕೆಯ ಭವಿಷ್ಯ ಹೇಳಿಬಿಡುತ್ತದೆ ಎಂಬ ನಂಬಿಕೆಯೂ ಜಾಸ್ತಿ. ಈ ನಂಬಿಕೆ ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ನಿಜವಾದ ಬದಲಾವಣೆ ಇದಕ್ಕಿಂತ ಸರಳ, ಇದಕ್ಕಿಂತ ಸೊಗಸು. ಕೊನೆಯ ಗಿರಾಕಿ ಇವತ್ತು ಎಷ್ಟು ಕೊಂಡ ಎಂಬ ಒಂದು ಅಂಕಿ ಕಾರ್ಖಾನೆಯವರಿಗೂ ಕಾಣತೊಡಗಿತು.

ಅದೇನು ಮಹಾ? ಲೆಕ್ಕ ಹಾಕೋಣ.

ಒಂದು ಅಂಗಡಿ, ಅದಕ್ಕೆ ಸರಕು ಕೊಡುವ ವಿತರಕ, ಅವನ ಹಿಂದೆ ಕಾರ್ಖಾನೆ. ವಾರಕ್ಕೆ 100 ಸೋಪು ಮಾರಾಟ. ಮೂವರೂ ಎರಡು ವಾರಕ್ಕಾಗುವಷ್ಟು, ಅಂದರೆ 200 ಸೋಪು, ದಾಸ್ತಾನು ಇಡುತ್ತಾರೆ. ಕೇಳಿದ ಸರಕು ಕೂಡಲೇ ಬರುತ್ತದೆ ಅಂದುಕೊಳ್ಳಿ. ಒಂದು ವಾರ 110 ಸೋಪು ಖರ್ಚಾದವು. ಅಂಗಡಿಯಲ್ಲಿ ಉಳಿದದ್ದು 90. ವಾರಕ್ಕೆ 110 ಅಂದಮೇಲೆ ದಾಸ್ತಾನು 220 ಇರಬೇಕಲ್ವಾ? ಅಂಗಡಿಯವನು 130 ಕೇಳುತ್ತಾನೆ. ವಿತರಕನಿಗೆ ಗಿರಾಕಿ ಕಾಣುವುದಿಲ್ಲ, ಆರ್ಡರ್ ಮಾತ್ರ ಕಾಣುತ್ತದೆ. ಬೇಡಿಕೆ 130ಕ್ಕೆ ಏರಿತು ಅಂದುಕೊಳ್ಳುತ್ತಾನೆ. ಅವನಲ್ಲಿ ಉಳಿದದ್ದು 70, ಇರಬೇಕಾದ್ದು 260. ಅವನ ಆರ್ಡರ್ 190. ಕಾರ್ಖಾನೆಯಲ್ಲಿ ಉಳಿದದ್ದು 10, ಇರಬೇಕಾದ್ದು 380. ಹಾಗಾಗಿ ಅಲ್ಲಿ 370 ಸೋಪು ತಯಾರಾಗುತ್ತದೆ!

ಗಿರಾಕಿ ಕೊಂಡದ್ದು ಬರೀ 10 ಜಾಸ್ತಿ. ಮುಂದಿನ ವಾರವೂ 110 ಮಾರಾಟವಾಯಿತು ಅನ್ನಿ. ಅಂಗಡಿಯ ಆರ್ಡರ್ 110ಕ್ಕೆ ಇಳಿಯುತ್ತದೆ, ವಿತರಕನದು 70ಕ್ಕೆ. ಕಾರ್ಖಾನೆಯಲ್ಲಿ ಆಗ 310 ಸೋಪು ಮಿಕ್ಕಿರುತ್ತದೆ, ಅದರ ಲೆಕ್ಕದಲ್ಲಿ ಬೇಕಾದ್ದು 140 ಮಾತ್ರ. ಯಂತ್ರ ನಿಲ್ಲಿಸಬೇಕು. ಯಾರೂ ತಪ್ಪು ಮಾಡಿಲ್ಲ. ಮೂವರೂ ಒಂದೇ ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸಿದ್ದಾರೆ. ಹಿಡಿ ಒಂಚೂರು ಅಲುಗಿದರೆ ಚಾಟಿಯ ತುದಿ ಮಾರುದ್ದ ಹಾರುತ್ತದಲ್ಲ, ಹಾಗೆ. ಅದಕ್ಕೇ ಇದರ ಹೆಸರು ಚಾಟಿ ಪರಿಣಾಮ.

ಈಗ ನಿಯಮವನ್ನು ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ. ನಿಜವಾದ ಮಾರಾಟ 110 ಎಂಬುದು ಮೂವರಿಗೂ ಗೊತ್ತಿರಲಿ. ಆಗ ಎಲ್ಲರ ಗುರಿಯೂ 220. ವಿತರಕ 150 ಕೇಳುತ್ತಾನೆ, ಕಾರ್ಖಾನೆ 170 ತಯಾರಿಸುತ್ತದೆ. ಮುಂದಿನ ವಾರ ಮೂರೂ ಕಡೆ 110ಕ್ಕೆ ಬಂದು ನಿಲ್ಲುತ್ತದೆ. ಭವಿಷ್ಯವನ್ನು ಯಾರೂ ಊಹಿಸಲಿಲ್ಲ. ನಡೆದದ್ದನ್ನು ಎಲ್ಲರೂ ನೋಡಿದರು, ಅಷ್ಟೇ. ಈ ಲೆಕ್ಕ ನನಗೆ ಎಷ್ಟು ಸಲ ಮಾಡಿದರೂ ಬೇಸರ ಬರುವುದಿಲ್ಲ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ ಈ ಏರಿಳಿತವನ್ನು 1961ರಷ್ಟು ಹಿಂದೆಯೇ ವಿವರಿಸಿದ್ದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಗೆ ಇದು ಕಂಡದ್ದು ಮಕ್ಕಳ ಡೈಪರ್‌ನಲ್ಲಿ. ಮಕ್ಕಳು ಡೈಪರ್ ಒದ್ದೆ ಮಾಡುವುದರಲ್ಲಿ ಏರಿಳಿತ ಎಲ್ಲಿಂದ ಬರಬೇಕು? ಅಂಗಡಿಗಳ ಮಾರಾಟ ಹೆಚ್ಚುಕಡಿಮೆ ಒಂದೇ ಸಮ ಇತ್ತು. ವಿತರಕರ ಆರ್ಡರ್ ಮಾತ್ರ ಕುಣಿಯುತ್ತಿತ್ತು.

ಕಾಯಿಲೆ ಗೊತ್ತಿತ್ತು, ಔಷಧ ಇರಲಿಲ್ಲ. ಪ್ರತಿ ಮಾರಾಟವನ್ನೂ ಆಗಿಂದಾಗಲೇ ಎಣಿಸುವುದು ಹೇಗೆ? ಉತ್ತರ ಅದಕ್ಕೂ ಮೊದಲೇ ಅಮೆರಿಕದ ಮಯಾಮಿಯ ಕಡಲತೀರದಲ್ಲಿ ಹುಟ್ಟಿತ್ತು. ಜೋಸೆಫ್ ವುಡ್‌ಲ್ಯಾಂಡ್ ಎಂಬವರು ತಂತಿ ಸಂದೇಶಕ್ಕೆ ಬಳಸುತ್ತಿದ್ದ ಮೋರ್ಸ್ ಸಂಕೇತದ ಚುಕ್ಕಿ, ಗೆರೆಗಳ ಬಗ್ಗೆ ಯೋಚಿಸುತ್ತ ಮರಳಿನಲ್ಲಿ ಬೆರಳೆಳೆದರು. ಗೆರೆಗಳು ಉದ್ದವಾದವು, ಬಾರ್‌ಕೋಡ್ ಹೊಳೆಯಿತು. ಅವರಿಗೂ ಜೊತೆಗಾರ ಬರ್ನಾರ್ಡ್ ಸಿಲ್ವರ್ ಅವರಿಗೂ 1952ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಓದುವ ಲೇಸರ್ ಇರಲಿಲ್ಲ, ಅಗ್ಗದ ಕಂಪ್ಯೂಟರ್ ಇರಲಿಲ್ಲ. ಒಹಾಯೊ ರಾಜ್ಯದ ಟ್ರಾಯ್ ಎಂಬಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದು ಮೊದಲ ಸಲ ಸ್ಕ್ಯಾನರ್ ದಾಟಿದ್ದು 1974ರ ಜೂನ್ 26ರಂದು. ಎಂಬತ್ತರ ದಶಕದ ಕೊನೆಗೆ ವಾಲ್‌ಮಾರ್ಟ್ ತನ್ನ ಅಂಗಡಿಗಳನ್ನು ಉಪಗ್ರಹದ ಮೂಲಕ ಬೆಸೆಯಿತು. ಮಾರಾಟದ ಅಂಕಿಯನ್ನು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಜೊತೆ ಹಂಚಿಕೊಳ್ಳತೊಡಗಿತು. ಡೈಪರ್ ಕಪಾಟು ತುಂಬಿಸುವ ಹೊಣೆ ತಯಾರಕನಿಗೇ ಹೋಯಿತು.

ಹಾಗಾದರೆ ಕಂಪ್ಯೂಟರ್ ಇದ್ದರೆ ಸಾಕೇ? ಸಿಸ್ಕೋ ಕಂಪನಿಯನ್ನು ನೋಡಿ. ಇಂಟರ್ನೆಟ್ ಉಪಕರಣ ಮಾಡುವವರೇ ಅವರು. ಒಂದು ದಿನದೊಳಗೆ ಲೆಕ್ಕ ಪುಸ್ತಕ ಮುಗಿಸುವಷ್ಟು ಚುರುಕಾದ ವ್ಯವಸ್ಥೆ ಅವರಲ್ಲಿತ್ತು. ಆದರೂ 2001ರಲ್ಲಿ 220 ಕೋಟಿ ಡಾಲರ್‌ಗೂ ಹೆಚ್ಚಿನ ದಾಸ್ತಾನನ್ನು ನಷ್ಟವೆಂದು ಬರೆದುಕೊಂಡರು. ಸರಕು ಸಿಗುವುದು ಕಷ್ಟವಾಗಿದ್ದಾಗ ಗಿರಾಕಿಗಳು ಸುಮ್ನೆ ಎರಡು ಮೂರು ಕಡೆ ಆರ್ಡರ್ ಹಾಕಿದ್ದರು. ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ರದ್ದು ಮಾಡುವ ಲೆಕ್ಕ. ಮಿಂಚಿನ ವೇಗದಲ್ಲಿ ಬಂದ ಆ ಅಂಕಿಗಳು ಆರ್ಡರ್‌ಗಳಾಗಿದ್ದವು, ಬೇಡಿಕೆಯಲ್ಲ.

ಇದಕ್ಕೆ ಮದ್ದು ಸಾಫ್ಟ್‌ವೇರ್‌ನಲ್ಲಿ ಇಲ್ಲ, ಹಂಚುವ ಕ್ರಮದಲ್ಲಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೌ ಲೀ ಮತ್ತು ಸಂಗಡಿಗರು 1997ರಲ್ಲೇ ಇದನ್ನು ಬರೆದಿದ್ದರು. ಕೊರತೆ ಇದ್ದಾಗ ಈಗಿನ ಆರ್ಡರ್ ನೋಡಿ ಹಂಚಬೇಡಿ, ಅಂಗಡಿಯವರು ಹಿಂದೆ ನಿಜವಾಗಿ ಎಷ್ಟು ಮಾರಿದ್ದರು ನೋಡಿ ಹಂಚಿ ಎಂದರು. ಕಾರು ತಯಾರಿಸುವ ಜನರಲ್ ಮೋಟಾರ್ಸ್ ಆಗಲೇ ಹಾಗೆ ಮಾಡುತ್ತಿತ್ತು. ಹೀಗೆ ಹಂಚಿದರೆ ಹತ್ತು ಬೇಕಾದಲ್ಲಿ ಇಪ್ಪತ್ತು ಬರೆದವನಿಗೆ ಒಂದೂ ಜಾಸ್ತಿ ಸಿಗುವುದಿಲ್ಲ.