ಮಂಗನ ಕಾಯಿಲೆಯನ್ನು ಎಲ್ಲಿ ಹುಡುಕಬೇಕು?

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಹಾಸಿಗೆ ಹಿಡಿದಾಗ ಪತ್ತೆಯಾದ ರೋಗಕ್ಕೆ ಇಂದು ಹಲವು ಹೆಸರುಗಳಿವೆ. ಮಲೆನಾಡಿನವರಿಗೆ ಅದು ಮಂಗನ ಕಾಯಿಲೆ, ಇಂಗ್ಲಿಷ್ ಪತ್ರಿಕೆಗಳಿಗೆ ಮಂಕಿ ಫೀವರ್, ವೈದ್ಯರಿಗೆ ಕೆಎಫ್‌ಡಿ, ಅಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್. ಈ ರೋಗದ ಬಗ್ಗೆ ಸಂಶೋಧನೆಗೆ ಹೊರಟ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಈ ಹೆಸರುಗಳದ್ದೇ.

ಗೂಗಲ್‌ನಲ್ಲಿ ಮಂಕಿ ಫೀವರ್ ಎಂದು ಹುಡುಕಿದರೆ ಸುದ್ದಿ, ವಿಡಿಯೊ, ಆಸ್ಪತ್ರೆಗಳ ಪುಟಗಳು ಕ್ಷಣದಲ್ಲಿ ಬಂದು ಬೀಳುತ್ತವೆ. ಯಾವ ಪುಟಕ್ಕೆ ಹೆಚ್ಚು ಕೊಂಡಿಗಳು ಬಂದು ಸೇರುತ್ತವೆಯೋ ಅದಕ್ಕೆ ಹೆಚ್ಚು ತೂಕ ಎಂಬ ತತ್ವದ ಮೇಲೆ 1998ರಲ್ಲಿ ಆರಂಭವಾದ ಈ ಸರ್ಚ್ ಎಂಜಿನ್, ಇಂದು ಹುಡುಕುವವರು ಇರುವ ಊರು, ಪುಟದ ಹೊಸತನ ಮೊದಲಾದ ಅನೇಕ ಸಂಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೀಗಾಗಿ ಅದೇ ಪದವನ್ನು ಇಬ್ಬರು ಬರೆದರೂ ಇಬ್ಬರಿಗೂ ಅದೇ ಸಾಲು ಸಿಗುತ್ತದೆಂಬ ಭರವಸೆಯಿಲ್ಲ. ಸಾಮಾನ್ಯ ಓದುಗರಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಸಂಶೋಧಕರಿಗೆ ಏನೋ ಒಂದು ಸಿಕ್ಕರೆ ಸಾಲದು, ಮುಖ್ಯವಾದುದು ಯಾವುದೂ ಕೈತಪ್ಪಿಲ್ಲ ಎಂಬುದು ಖಾತ್ರಿಯಾಗಬೇಕು.

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1997ರಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ತೆರೆದ, ವೈದ್ಯಕೀಯ ಲೇಖನಗಳ ವಿವರಗಳಿರುವ ಡೇಟಾಬೇಸ್ ಪಬ್‌ಮೆಡ್ ಈ ಖಾತ್ರಿಯತ್ತ ಬೇರೆ ದಾರಿಯಲ್ಲಿ ಸಾಗುತ್ತದೆ. ಅಲ್ಲಿನ ಬಹುಪಾಲು ಲೇಖನಗಳಿಗೆ, ಲೇಖಕರು ಯಾವ ಪದ ಬಳಸಿದ್ದರೂ, ಮೆಶ್ ಎಂಬ ಸಿದ್ಧ ಪಟ್ಟಿಯಿಂದ ವಿಷಯಶೀರ್ಷಿಕೆಗಳನ್ನು ಕೊಟ್ಟಿರುತ್ತಾರೆ. ಹಿಂದೆ ತಜ್ಞರು ಲೇಖನವನ್ನು ಓದಿ ಮಾಡುತ್ತಿದ್ದ ಈ ಕೆಲಸವನ್ನು 2022ರಿಂದ ಕಂಪ್ಯೂಟರ್ ಮಾಡುತ್ತಿದ್ದು, ತಜ್ಞರು ಆಯ್ದವನ್ನು ಪರಿಶೀಲಿಸಿ ತಿದ್ದುತ್ತಾರೆ. ಒಂದು ದಾಖಲೆಯ ಕೆಳಭಾಗಕ್ಕೆ ಹೋಗಿ ನೋಡಿ: ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂಬ ಶೀರ್ಷಿಕೆಯ ಮುಂದೆ ಓರೆಗೆರೆ ಹಾಕಿ, ಅದು ರೋಗ ಹರಡುವಿಕೆಯ ಕುರಿತದ್ದೋ ತಡೆಗಟ್ಟುವಿಕೆಯ ಕುರಿತದ್ದೋ ಎಂದು ನಮೂದಿಸಿರುತ್ತಾರೆ. ಲೇಖನದ ಮುಖ್ಯ ವಿಷಯ ಅದೇ ಆಗಿದ್ದರೆ ಪಕ್ಕದಲ್ಲಿ ಪುಟ್ಟ ನಕ್ಷತ್ರವಿರುತ್ತದೆ. ಆ ಒಂದು ಶೀರ್ಷಿಕೆಯನ್ನು ಹಿಡಿದರೆ ಹೆಸರಿನ ತೊಡಕು ಬಹುಮಟ್ಟಿಗೆ ಕರಗುತ್ತದೆ. ಹುಡುಕಿದ ಸೂತ್ರವನ್ನೂ ದಿನಾಂಕವನ್ನೂ ಬರೆದಿಟ್ಟರೆ ಇನ್ನೊಬ್ಬರು ಅದೇ ಹುಡುಕಾಟವನ್ನು ಮತ್ತೆ ನಡೆಸಿ ಪರೀಕ್ಷಿಸಬಹುದು. ನನ್ನ ದೃಷ್ಟಿಯಲ್ಲಿ ಡೇಟಾಬೇಸಿನ ನಿಜವಾದ ಬಲ ಇದೇ.

ಆದರೂ ಪಬ್‌ಮೆಡ್ ಹುಡುಕುವುದು ಶೀರ್ಷಿಕೆ, ಸಾರಾಂಶ, ವಿಷಯಶೀರ್ಷಿಕೆಗಳಂಥ ವಿವರಗಳನ್ನು ಮಾತ್ರ, ಲೇಖನದ ಒಡಲನ್ನಲ್ಲ. ಐವತ್ತರ ದಶಕದ ಎಷ್ಟೋ ಲೇಖನಗಳಿಗೆ ಅಲ್ಲಿ ಸಾರಾಂಶವೂ ಇಲ್ಲ. ಈ ರೋಗ ಹರಡುವ ಉಣುಗುಗಳನ್ನು ಸಂಗ್ರಹಿಸಿದ ಹಳ್ಳಿಯ ಹೆಸರು ಒಳಗಿನ ಕೋಷ್ಟಕವೊಂದರಲ್ಲಿ ಮಾತ್ರ ಇದ್ದರೆ, ಪೂರ್ಣಪಾಠವನ್ನೂ ಜಾಲಾಡುವ ಗೂಗಲ್ ಸ್ಕಾಲರ್ ಅದನ್ನು ಹೊರತೆಗೆಯುವ ಸಾಧ್ಯತೆ ಹೆಚ್ಚು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರವಿದೆ.

ಕಾಡಂಚಿನ ಊರಿನಲ್ಲಿ ಮಂಗವೊಂದು ಸತ್ತು ಬಿದ್ದ ಸುದ್ದಿ ಮೊದಲು ಅಚ್ಚಾಗುವುದು ಸಾಮಾನ್ಯವಾಗಿ ಕನ್ನಡ ಪತ್ರಿಕೆಯ ಜಿಲ್ಲಾ ಪುಟದಲ್ಲಿ. ಆ ಸುದ್ದಿಗೆ ಯಾವ ವಿಷಯಶೀರ್ಷಿಕೆಯೂ ಇರುವುದಿಲ್ಲ. ಅದನ್ನು ಹುಡುಕಲು ಸಾಮಾನ್ಯ ಸರ್ಚ್ ಎಂಜಿನ್‌ನಲ್ಲಿ ಮಂಗನ ಕಾಯಿಲೆ ಎಂದು ಕನ್ನಡದಲ್ಲೇ ಬರೆದು, ಜೊತೆಗೆ ತಾಲ್ಲೂಕಿನ ಹೆಸರು ಸೇರಿಸಬೇಕು.