ಗೋರಿಯ ಕಿಂಡಿ ಪೂರ್ವಕ್ಕಿದ್ದರೆ ಜನ ಎಲ್ಲಿಂದ ಬಂದವರು?

ಸಮಾಧಿಯ ದಿಕ್ಕಿನಿಂದ ಜನರ ಮೂಲ ಹೇಳುವ ಪಾಠ ಓದುವಾಗ ಮೊದಲು ಕೇಳಿಕೊಳ್ಳಿ: ಯಾವುದರ ದಿಕ್ಕು? ತಲೆಯದ್ದೋ, ಮುಖದ್ದೋ, ಕಲ್ಲಿನ ಕೋಣೆಯದ್ದೋ?

ನಮ್ಮ ಸೋಮವಾರಪೇಟೆ ಕಡೆಯ ದೊಡ್ಡಮಳ್ತೆಯ ಬೃಹತ್ ಶಿಲಾ ಸಮಾಧಿಗಳನ್ನೇ ತಗೊಳ್ಳಿ. ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು. ಇಂಥ ಗೋರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ಕಬ್ಬಿಣ, ಮೂಳೆ ಚೂರು. ಬೇರೆಡೆ ಸುಟ್ಟೋ ಕೊಳೆಯಲು ಬಿಟ್ಟೋ ಆಮೇಲೆ ಆಯ್ದ ಮೂಳೆ ತಂದಿಡುವ ರೂಢಿ ಆಗ ಇತ್ತು. ಸಾಲದ್ದಕ್ಕೆ ಕೊಡಗಿನ ಮಳೆ, ಹುಳಿ ಮಣ್ಣು ಮೂಳೆಯನ್ನು ಕರಗಿಸುತ್ತವೆ. ಹಾಗಾಗಿ ತಲೆ ಎತ್ತ ಇತ್ತು ಅಂತ ಇಲ್ಲಿ ಕೇಳೋಕೇ ಆಗಲ್ಲ. ಮಹಾರಾಷ್ಟ್ರದ ಹಳೆಯ ನೆಲೆ ಇನಾಮಗಾಂವ್‌ನಲ್ಲಿ ಕೇಳಬಹುದು: ಅಲ್ಲಿ ಶವಗಳು ಉತ್ತರ-ದಕ್ಷಿಣವಾಗಿ ಮಲಗಿವೆ, ತಲೆ ಉತ್ತರಕ್ಕೆ. ಎರಡನ್ನೂ ಒಂದೇ ಪಟ್ಟಿಗೆ ಹಾಕಬೇಡಿ.

ಈಗ ನನ್ನ ತಲೆ ತಿಂದ ಭಾಗ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಲ್ಲುಕೋಣೆಗಳಲ್ಲಿ ಕಿಂಡಿ ಪೂರ್ವದ ಚಪ್ಪಡಿಯಲ್ಲಿದೆ. ಸರಿ, ಆದರೆ ಉತ್ತರವನ್ನು ಸೊನ್ನೆ ಅಂತ ಇಟ್ಟು ಬಲಕ್ಕೆ ಎಣಿಸಿದರೆ ಪೂರ್ವ ಅಂದರೆ ಎಷ್ಟು ಡಿಗ್ರಿ? 90 ಅಂತ ಬರೆದು ಮುಂದೆ ಹೋಗಬೇಡಿ. ಸೂರ್ಯ ವರ್ಷವಿಡೀ ಒಂದೇ ಜಾಗದಲ್ಲಿ ಹುಟ್ಟಲ್ಲ ಅಲ್ವಾ. ಭೂಮಿಯ ಓಲು 23.4 ಡಿಗ್ರಿ; ಅದರ ಸೈನನ್ನು ಊರಿನ ಅಕ್ಷಾಂಶದ ಕೊಸೈನ್‌ನಿಂದ ಭಾಗಿಸಿ. ಕೊಡಗಿನ ಅಕ್ಷಾಂಶ ಸುಮಾರು 12.4. ಲೆಕ್ಕ ಬರುವುದು 0.407, ಅದು 24 ಡಿಗ್ರಿಯ ಸೈನ್; 90ರಿಂದ ಆಚೀಚೆ ಅಷ್ಟು ಸರಿಯುತ್ತದೆ. ಅಂದರೆ ಜೂನ್‌ನಲ್ಲಿ ಸೂರ್ಯ ಹುಟ್ಟುವುದು 66ರಲ್ಲಿ, ಡಿಸೆಂಬರ್‌ನಲ್ಲಿ 114ರಲ್ಲಿ. ಕಿಂಡಿ ಇವೆರಡರ ನಡುವೆ ಇದ್ದರೆ ಮಾತ್ರ ಸೂರ್ಯೋದಯದ ಮಾತು. ಎದುರಿಗೆ 5 ಡಿಗ್ರಿ ಎತ್ತರದ ಬೆಟ್ಟ ಇದ್ದರೂ ದೊಡ್ಡ ವ್ಯತ್ಯಾಸವಿಲ್ಲ, ಒಂದು ಡಿಗ್ರಿ ದಕ್ಷಿಣಕ್ಕೆ ಜರುಗುತ್ತದೆ ಅಷ್ಟೆ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ. ಲಂಡನ್‌ನಲ್ಲಿ ಇದೇ ಲೆಕ್ಕ 50ರಿಂದ 130ರವರೆಗೆ ಹಿಗ್ಗುತ್ತದೆ. ಸೂರ್ಯನ ಕಡೆ ಮುಖ ಮಾಡಿದ್ದಾರೆ ಅನ್ನೋ ಮಾತು ಅಲ್ಲಿ ಸುಮ್ನೆ ಹೇಳಿದರೂ ಹೊಂದಿಬಿಡುತ್ತದೆ.

ಇನ್ನು ಮೂಲದ ವಿಷಯ. ಕಪ್ಪು ಸಮುದ್ರದ ಬಳಿಯ ಕಾಕಸಸ್ ಕಲ್ಗೋರಿಗಳಿಗೂ ಕಿಂಡಿ ಇದೆ, ಆದ್ದರಿಂದ ಅಲ್ಲಿಂದಲೇ ಬಂದರು ಅನ್ನುವುದು ಅವಸರ. ಪೂರ್ವ ಯಾರಿಗೂ ಕಾಣುವ ದಿಕ್ಕು. ಇಬ್ಬರು ಒಂದೇ ದಿಕ್ಕು ಹಿಡಿದರೆ ನಂಟರಾಗಬೇಕಿಲ್ಲ. ಇಂದಿನ ಯಾವ ಸಮುದಾಯವನ್ನೂ ಇದಕ್ಕೆ ಎಳೆದು ತರಬೇಡಿ.

ದಿಕ್ಕಿನಲ್ಲಿ ಬೇರೆ ಸಂಗತಿಯೂ ಇರಬಹುದು. ಮಧ್ಯ ಯುರೋಪಿನ ಬೆಲ್ ಬೀಕರ್ (ಗಂಟೆಯಾಕಾರದ ಮಡಕೆ ಬಳಸಿದ ಪ್ರಾಚೀನ ಜನರ) ಗೋರಿಗಳಲ್ಲಿ ಗಂಡಸರು ಎಡಮಗ್ಗುಲಿಗೆ, ತಲೆ ಉತ್ತರಕ್ಕೆ. ಹೆಂಗಸರು ಬಲಮಗ್ಗುಲಿಗೆ, ತಲೆ ದಕ್ಷಿಣಕ್ಕೆ. ಇಬ್ಬರ ಮುಖವೂ ಪೂರ್ವಕ್ಕೆ. ಬರೀ ತಲೆ ಲೆಕ್ಕ ಹಾಕಿದರೆ ಒಂದೇ ಊರಿನ ಗಂಡ-ಹೆಂಡತಿ ಎರಡು ಕುಲದವರಾಗಿಬಿಡುತ್ತಾರೆ! ಅಷ್ಟೇ ಅಲ್ಲ, 2018ರ ಡಿಎನ್ಎ ಅಧ್ಯಯನದಲ್ಲಿ ಇದೇ ಬಗೆಯ ಮಡಕೆ ಬಳಸಿದ ಐಬೀರಿಯಾದವರಿಗೂ (ಇಂದಿನ ಸ್ಪೇನ್, ಪೋರ್ಚುಗಲ್) ಮಧ್ಯ ಯುರೋಪಿನವರಿಗೂ ವಂಶದ ನಂಟು ತೀರಾ ಕಡಿಮೆ ಕಂಡಿತು.