ಕಾಪಿ ಬರೆಸಿದಷ್ಟೂ ಗಟ್ಟಿಯಾಗುವ ಕಾಗೆಕಾಲು

ಏಳನೇ, ಎಂಟನೇ ಕ್ಲಾಸಿಗೆ ಬಂದರೂ ಮಗುವಿನ ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದ್ದರೆ ನಮ್ಮಲ್ಲಿ ಒಂದೇ ಔಷಧಿ: ದಿನಕ್ಕೆ ಎರಡು ಪುಟ ಕಾಪಿ. ಬೇಸಿಗೆ ರಜೆಯಲ್ಲಿ ನಾಲ್ಕು. ಮಂಡ್ಯದ ಹಳ್ಳಿ ಶಾಲೆಯಿರಲಿ, ಮೈಸೂರಿನ ಇಂಗ್ಲಿಷ್ ಮೀಡಿಯಂ ಇರಲಿ, ಚಿಕಿತ್ಸೆಯಲ್ಲಿ ಭೇದವಿಲ್ಲ. ಆರು ತಿಂಗಳಾದ ಮೇಲೂ ಹಾಗೇ ಇದ್ದರೆ ‘ಸೋಮಾರಿ, ಮನಸ್ಸಿಟ್ಟು ಬರೆಯಲ್ಲ’ ಅನ್ನುವ ತೀರ್ಪು ಬರುತ್ತದೆ. ಆದರೆ ಆ ಕಾಪಿ ಪುಸ್ತಕವನ್ನೇ ಒಮ್ಮೆ ಬಿಚ್ಚಿ ನೋಡಿ. ಮೊದಲ ಮೂರು ಸಾಲು ಪರವಾಗಿಲ್ಲ, ಆಮೇಲೆ ಜಾರುತ್ತಾ ಹೋಗಿ ಎರಡನೇ ಪುಟ ಮುಗಿಯುವಾಗ ಹಳೇ ಅಕ್ಷರವೇ ಕೂತಿರುತ್ತದೆ. ಅಂದರೆ ಮಗು ಅಭ್ಯಾಸ ಮಾಡಿದ್ದರಲ್ಲಿ ಹೆಚ್ಚಿನದು ತಪ್ಪು ಅಕ್ಷರವನ್ನೇ. ಹಸಿ ಮಣ್ಣಿನ ದಾರಿಯಲ್ಲಿ ಕಬ್ಬಿನ ಗಾಡಿಯ ಚಕ್ರದ ಜಾಡು ಬಿದ್ದ ಮೇಲೆ ಅದೇ ಗಾಡಿಯನ್ನು ಮತ್ತೆ ಮತ್ತೆ ಓಡಿಸಿದರೆ ಜಾಡು ಆಳವಾಗುತ್ತದೆ, ದಾರಿ ಸಮವಾಗುವುದಿಲ್ಲ.

ಸಲೀಸಾಗಿ ಬರೆಯುವವರ ಕೈಯಲ್ಲಿ ಒಂದು ಗೀಟು ಹೆಚ್ಚೂಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಕಣ್ಣು ತಪ್ಪು ಕಂಡು, ಮಿದುಳು ಲೆಕ್ಕ ಹಾಕಿ, ಬೆರಳು ತಿದ್ದಿಕೊಳ್ಳಬೇಕಾದರೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ವೇಗದ ಬರಹವನ್ನು ಕಣ್ಣು ನಡೆಸುವುದಿಲ್ಲ. ಇಡೀ ಚಲನೆಯ ಆದೇಶ ಮಿದುಳಿನಲ್ಲಿ ಮೊದಲೇ ಸಿದ್ಧವಾಗಿ ಒಂದೇ ಕಟ್ಟಾಗಿ ಕೈಗೆ ಬರುತ್ತದೆ. ಬರವಣಿಗೆಗೆಂದೇ ಎಡ ಮಿದುಳಿನ ಮುಂಭಾಗದಲ್ಲಿ ಒಂದು ಜಾಗವಿದೆ ಎಂದು ವಿಯೆನ್ನಾದ ಶರೀರವಿಜ್ಞಾನಿ ಜಿಗ್ಮುಂಡ್ ಎಕ್ಸ್‌ನರ್ 1881ರಲ್ಲೇ ಸೂಚಿಸಿದ್ದ. ಇನ್ನೂ ಸೊಗಸಾದ ಸಂಗತಿ ತೋರಿಸಿದ್ದು ದೇಹದ ಚಲನೆಯನ್ನು ಅಧ್ಯಯನ ಮಾಡಿದ ರಷ್ಯಾದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್. ಪೆನ್ಸಿಲನ್ನು ಬೆರಳಲ್ಲಿ ಹಿಡಿಯಲಿ, ಮೊಣಕೈಗೆ ಕಟ್ಟಲಿ, ಹಲ್ಲಲ್ಲಿ ಕಚ್ಚಲಿ, ಒಬ್ಬನ ಬರಹದ ಚಹರೆ ಒಂದೇ. ಚೆಕ್ಕಿನ ಮೇಲೆ ಹಾಕುವ ಸಹಿಯನ್ನೇ ಗೋಡೆಯ ಮೇಲೆ ಎರಡಡಿ ಅಗಲಕ್ಕೆ ಹಾಕಿ ನೋಡಿ. ಕೆಲಸ ಮಾಡುವ ಸ್ನಾಯುಗಳೇ ಬೇರೆ, ಸಹಿ ಅದೇ. ಮಿದುಳಿನಲ್ಲಿ ಕೂತಿರುವುದು ಆಕಾರದ ನಕ್ಷೆ. ಅದನ್ನು ಯಾವ ಸ್ನಾಯುವಿನ ಕೈಲಿ ಮಾಡಿಸಬೇಕೆನ್ನುವುದು ಆಮೇಲಿನ ಮಾತು.

ಈ ತಿಳಿವಳಿಕೆಯಿಂದ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹುಟ್ಟುತ್ತದೆ. ನೋಟ್‌ಬುಕ್ಕಿನಲ್ಲಿ ಕೆಡುವ ಅಕ್ಷರವನ್ನೇ ಸೀಮೆಸುಣ್ಣದಲ್ಲಿ ನೆಲದ ಮೇಲೋ ಬೋರ್ಡಿನ ಮೇಲೋ ದೊಡ್ಡದಾಗಿ ಬರೆಸಿ. ಅಲ್ಲಿ ಸರಿಯಾಗಿ ಬಂದರೆ ನಕ್ಷೆ ಚೆನ್ನಾಗಿದೆ, ತೊಡಕಿರುವುದು ಬೆರಳಿನ ಹತೋಟಿ, ಪೆನ್ನು, ಕೂರುವ ಭಂಗಿ ಇವುಗಳಲ್ಲಿ. ಅಲ್ಲೂ ಅದೇ ತಪ್ಪಾದರೆ ನಕ್ಷೆಯನ್ನೇ ಬದಲಿಸಬೇಕು. ನೋಡಿ ಬರೆಯುವಾಗ ಚೆನ್ನಾಗಿದ್ದು ಸ್ವಂತ ಉತ್ತರ ಬರೆಯುವಾಗ ಮಾತ್ರ ಕೆಟ್ಟರೆ ದೋಷ ಕೈಯದಲ್ಲ. ಕಾಗುಣಿತ, ವಾಕ್ಯ, ಉತ್ತರ ಮೂರನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿಯುವ ಭಾರ ಅದು. ಅಂಥ ಮಗುವಿಗೆ ಮೊದಲು ಬಾಯಲ್ಲಿ ಉತ್ತರ ಹೇಳಿಸಿ, ನಾಲ್ಕು ಪದ ಗುರುತು ಹಾಕಿಸಿ, ಆಮೇಲೆ ಬರೆಸಬೇಕು.

ಎಲ್ಲ ಅಕ್ಷರವನ್ನೂ ಅ ಆ ಇ ಈ ಇಂದ ತಿದ್ದಿಸುವುದು ಬೇಕಿಲ್ಲ. ಹದಿಮೂರು ವರ್ಷದ ಮಗುವಿಗೆ ಅದು ಅವಮಾನ ಕೂಡ. ಮಗುವಿನ ಮಾಮೂಲಿ ನೋಟ್ಸಿನ ಒಂದು ಪುಟವನ್ನು ಹೊರಗಿನವರೊಬ್ಬರ ಕೈಲಿ ಓದಿಸಿ, ಅವರು ತಡವರಿಸಿದ ಕಡೆಯೆಲ್ಲ ಸುತ್ತು ಹಾಕಿ. ಸಾಮಾನ್ಯವಾಗಿ ನಾಲ್ಕೈದು ಆಕಾರಗಳೇ ಅಪರಾಧಿಗಳು. ಕನ್ನಡದಲ್ಲಿ ಗುಡಿಸು ಪೂರ್ತಿ ಮುಚ್ಚದಿದ್ದರೆ ‘ಕಿ’ ಹೋಗಿ ‘ಕೆ’ ಆಗುತ್ತದೆ. ವ ಪಕ್ಕದ ಕೊಂಬನ್ನು ಬುಡದಿಂದ ಇಳಿಸದೆ ಮಾಮೂಲಿ ಎತ್ತರದಲ್ಲೇ ಹಾಕಿದರೆ ‘ವು’ ಹೋಗಿ ‘ಮ’. ಹೊಟ್ಟೆ ಸೀಳುವುದನ್ನು ಮರೆತರೆ ಧ, ಭ, ಫ ಮೂರೂ ದ, ಬ, ಪ ಆಗಿಬಿಡುತ್ತವೆ. ಇಂಗ್ಲಿಷಿನಲ್ಲಿ ಸಣ್ಣ ಎ, ಇ, ಆರ್, ಟಿ ಮೇಲೆ ಕಣ್ಣಿಡಿ. ಬಾಯಿ ಮುಚ್ಚದ ಎ ನೋಡುವವರಿಗೆ ಯು.

ಇನ್ನೊಂದು ಕಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಮಗು ಮೂರು ಲಿಪಿ ಬರೆಯುತ್ತದೆ. ಹಿಂದಿ ಮೇಲಿನ ಗೆರೆಗೆ ನೇತುಬೀಳುತ್ತದೆ, ಇಂಗ್ಲಿಷ್ ಕೆಳಗಿನ ಗೆರೆಯ ಮೇಲೆ ಕೂರುತ್ತದೆ, ಕನ್ನಡಕ್ಕೆ ಗೆರೆಯ ಕೆಳಗೂ ಜಾಗ ಬೇಕು. ‘ರಾಷ್ಟ್ರಕೂಟ’ ಬರೆಸಿ ನೋಡಿ: ಷ ಕೆಳಗೆ ಎರಡು ಒತ್ತು. 8 ಮಿ.ಮೀ. ಗೆರೆಯಲ್ಲಿ ಅಕ್ಷರದ ಒಡಲೇ 5 ಮಿ.ಮೀ. ಆದರೆ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ಒಡಲು 3 ಮಿ.ಮೀ. ಇರಲಿ, ಅಭ್ಯಾಸದ ದಿನಗಳಲ್ಲಿ ಸಾಲು ಬಿಟ್ಟು ಸಾಲು ಬರೆಯಲಿ. ಇಷ್ಟರಿಂದಲೇ ಎಷ್ಟೋ ಪುಟಗಳು ಓದಲು ಬರುತ್ತವೆ.

ಇನ್ನು ಅಭ್ಯಾಸದ ಕ್ರಮ. ದಿನಕ್ಕೆ 10ರಿಂದ 15 ನಿಮಿಷ, ವಾರಕ್ಕೆ ನಾಲ್ಕೈದು ದಿನ, ವಾರಕ್ಕೆ ಒಂದೋ ಎರಡೋ ಆಕಾರ ಮಾತ್ರ. ದೊಡ್ಡವರು ಅಕ್ಷರ ಬರೆದು ಗೀಟುಗಳಿಗೆ ಬಾಣ ಹಾಕಿ 1, 2, 3 ಎಂದು ನಮೂದಿಸಲಿ. ಮಗು ಅದನ್ನು ನೋಡಿಕೊಂಡ ಮೇಲೆ ಕೈಯಿಂದ ಮುಚ್ಚಿ. ಮೂರ್ನಾಲ್ಕು ಸೆಕೆಂಡು ಬಿಟ್ಟು ನೆನಪಿನಿಂದ ಬರೆಯಲಿ. ತೆರೆದು ಹೋಲಿಸಲಿ. ಐದು ಸಲ ಬರೆದು ಅದರಲ್ಲಿ ಚೆನ್ನಾಗಿರುವುದಕ್ಕೆ ಮಗುವೇ ಸುತ್ತು ಹಾಕಲಿ. ಆಮೇಲೆ ಆ ಅಕ್ಷರವಿರುವ ಐದು ಪದ, ಕೊನೆಗೆ ಮಗುವೇ ಹೇಳಿದ ಒಂದು ವಾಕ್ಯ. ಮುಚ್ಚುವುದೇ ಇಲ್ಲಿ ಮುಖ್ಯ: ನೆನಪಿನಿಂದ ಎಳೆದು ತಂದಾಗ ನಕ್ಷೆ ಬದಲಾಗುತ್ತದೆ. ಚುಕ್ಕಿಯ ಮೇಲೆ ತಿದ್ದುವಾಗ ಕಣ್ಣೇ ಕೈಯನ್ನು ನಡೆಸುವುದರಿಂದ ಈ ವಯಸ್ಸಿಗೆ ಅದು ದಂಡ. ಮಣ್ಣು ಕಲಸುವುದು, ರಬ್ಬರ್ ಚೆಂಡು ಹಿಚುಕುವುದು ಇವುಗಳಿಂದ ಬೆರಳಿಗೆ ಬಲ ಬಂದೀತು, ಬರೆಯದೆ ಬರವಣಿಗೆ ಬಾರದು. ವಾರಕ್ಕೆ ಎರಡು ಸಲಕ್ಕಿಂತ ಕಡಿಮೆ, ಒಟ್ಟು 20 ಪಾಠಕ್ಕಿಂತ ಕಡಿಮೆ ಮಾಡಿ ಫಲ ಕೇಳಬೇಡಿ.

ಎರಡನೇ ವಾರದಲ್ಲಿ ವೇಗ ಕುಸಿಯುತ್ತದೆ. ಹಳೇ ನಕ್ಷೆಯನ್ನು ತಡೆದು ಹೊಸದನ್ನು ಹುಡುಕುವ ಕೆಲಸ ನಿಧಾನದ್ದು. ಇಲ್ಲೇ ಎಲ್ಲರೂ ಕೈಬಿಡುವುದು. ಮೇಷ್ಟ್ರಿಗೆ ಮೊದಲೇ ಹೇಳಿ ಆ ಒಂದು ತಿಂಗಳು ಕ್ಲಾಸಿನ ನೋಟ್ಸಿಗೆ ವಿನಾಯಿತಿ ಕೇಳಿ. ಹೋಮ್‌ವರ್ಕಿನ ಮೊದಲ ಮೂರು ಸಾಲು ಮಾತ್ರ ಹೊಸ ಅಕ್ಷರದಲ್ಲಿರಲಿ, ಇಲ್ಲವಾದರೆ ಕಲಿತದ್ದು ಕಾಪಿ ಪುಸ್ತಕದಲ್ಲೇ ಉಳಿಯುತ್ತದೆ. ಆಕಾರ ನಿಂತ ಮೇಲಷ್ಟೇ ಗಡಿಯಾರ ಹಿಡಿದು ಒಂದು ನಿಮಿಷದ ವೇಗದ ಬರವಣಿಗೆ.

ಕೈ ನೋವು ಅನ್ನುವ ಮಗುವಿಗೆ ಕಾರ್ಬನ್ ಹಾಳೆಯ ಪರೀಕ್ಷೆ ಮಾಡಿ. ಮೂರು ಹಾಳೆ, ನಡುವೆ ಎರಡು ಕಾರ್ಬನ್. ಮೂರನೇ ಹಾಳೆಯಲ್ಲೂ ಅಚ್ಚು ಸ್ಪಷ್ಟವಾಗಿ ಮೂಡಿದರೆ ಒತ್ತಡ ಜಾಸ್ತಿ. ಎರಡನೆಯದು ಮಸುಕು, ಮೂರನೆಯದು ಖಾಲಿ ಎನ್ನುವ ಹಾಗೆ ಬರೆಯುವ ಆಟ ಆಡಿಸಿ. ಬಾಲ್‌ಪೆನ್ನು ಒತ್ತಡ ಬೇಡುತ್ತದೆ. ಜೆಲ್ ಅಥವಾ ಇಂಕ್ ಪೆನ್ನು ಕೊಡಿ, ತುದಿಯಿಂದ ಎರಡೂವರೆ ಸೆಂ.ಮೀ. ಮೇಲೆ ಹಿಡಿಯಲಿ. ಮೂರು ಬೆರಳಿನ ಹಿಡಿತವೋ ನಾಲ್ಕು ಬೆರಳಿನದೋ ಅನ್ನುವ ಜಗಳ ವ್ಯರ್ಥ, ವೇಗದಲ್ಲೂ ಸ್ಪಷ್ಟತೆಯಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಉಗುರು ಬಿಳುಚಿಕೊಳ್ಳುವಷ್ಟು ಬಿಗಿ ಇದ್ದರೆ ಮಾತ್ರ ಬದಲಿಸಿ. ಮೇಜು ಮೊಣಕೈ ಮಟ್ಟಕ್ಕಿರಲಿ, ಪಾದ ನೆಲಕ್ಕೆ ತಾಗಲಿ. ದಪ್ಪ ಬಾಕ್ಸ್ ಫೈಲು ಓರೆಯಾಗಿಟ್ಟರೆ ಒಳ್ಳೇ ಇಳಿಜಾರು ಸಿಗುತ್ತದೆ. ಬಲಗೈಯವರು ಹಾಳೆಯ ಬಲ ಮೇಲ್ತುದಿಯನ್ನು ಎತ್ತರಿಸಿ ವಾಲಿಸಬೇಕು, ಎಡಗೈಯವರು ಎಡ ಮೇಲ್ತುದಿಯನ್ನು. ಎಡಚರನ್ನು ಬಲಗೈಗೆ ಬಗ್ಗಿಸುವ ಹಠ ಇನ್ನೂ ಇದೆ, ಎಡಗೈ ಅಪಶಕುನವೆಂಬ ನಂಬಿಕೆಯ ಬಾಲ ಅದು. ಅಕ್ಷರ ತಿದ್ದಿದರೆ ಗುಣ ತಿದ್ದೀತು, ಸಹಿ ಬದಲಿಸಿದರೆ ಅದೃಷ್ಟ ತೆರೆದೀತು ಎಂದು ಫೀಸು ವಸೂಲಿ ಮಾಡುವವರಿಗೂ ವಿಜ್ಞಾನಕ್ಕೂ ಸಂಬಂಧವಿಲ್ಲ.

ದುಂಡಗೆ ಬರೆಯಬೇಕೆಂಬ ನಮ್ಮ ವ್ಯಾಮೋಹಕ್ಕೆ ಓಲೆಗರಿಯ ಹಿನ್ನೆಲೆಯೂ ಇರಬಹುದು. ಕಬ್ಬಿಣದ ಕಂಟದಿಂದ ನೇರ ಅಡ್ಡಗೆರೆ ಎಳೆದರೆ ಗರಿ ಸೀಳುವ ಭಯವಿತ್ತೆಂದು ಹಲವು ವಿದ್ವಾಂಸರ ಮಾತು. 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಅಂಥ ಗರಿಗಳ ರಾಶಿಯೇ ಇದೆ. ಆದರೆ ಇದೇ ಸೀಮೆಯ ಶಾನುಭೋಗರು ಹುಣಸೇಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತದ ಮೇಲೆ ಬಳಪ ಹಿಡಿದು ಸರಸರನೆ ಬರೆದದ್ದು ಕೂಡಿಸಿ ಗೀಚುವ ಮೋಡಿ ಅಕ್ಷರ. ಇಂದಿನ ಮೇಷ್ಟ್ರು ನೋಡಿದರೆ ಇಂಪೊಸಿಷನ್ ಕೊಡುತ್ತಿದ್ದರು. ಕಂದಾಯದ ಲೆಕ್ಕ ಅದರಲ್ಲೇ ನಡೆಯಿತು.

ಇಷ್ಟು ಮಾಡಿಯೂ ಮೂರು ತಿಂಗಳಲ್ಲಿ ಬದಲಾಗದಿದ್ದರೆ, ಜೊತೆಗೆ ಓದುವುದೂ ಕಷ್ಟವಾದರೆ, ಗುಂಡಿ ಹಾಕುವುದು, ಶೂ ಲೇಸು ಕಟ್ಟುವುದು ಕೂಡ ತೊಡಕಾದರೆ, ಡಿಸ್‌ಗ್ರಾಫಿಯಾ ಎಂಬ ಬರವಣಿಗೆಯ ಕಲಿಕಾ ನ್ಯೂನತೆ ಇದೆಯೇ ಎಂದು ತಜ್ಞರಿಗೆ ತೋರಿಸಬೇಕು. ಮೈಸೂರು, ಮಂಡ್ಯದವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹತ್ತಿರವೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಗಳಲ್ಲಿ ಡಿಸ್‌ಗ್ರಾಫಿಯಾವನ್ನು ಹೆಸರಿಸಿಯೇ ಸೇರಿಸಿದೆ. ಪ್ರಮಾಣಪತ್ರವಿದ್ದರೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಅಥವಾ ಬರೆದುಕೊಡುವ ಸಹಾಯಕರನ್ನು ಕೇಳಬಹುದು. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಆಗದು. ಒಂಬತ್ತನೇ ಕ್ಲಾಸಿನಲ್ಲೇ ಪರೀಕ್ಷೆ ಮಾಡಿಸಿ, ಕಾಗದಪತ್ರವನ್ನು ಹೆಡ್‌ಮಾಸ್ಟರಿಗೆ ತಲುಪಿಸಿ, ಸ್ವೀಕೃತಿ ತೆಗೆದುಕೊಳ್ಳಿ.